ಚೈನಿಗೆ ಎಣ್ಣೆ ಬಿಟ್ಟರೆ ಸಾಲದು, ಒರೆಸಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಮೌಂಟನ್ ಬೈಕ್ ನೋಡಿಕೊಳ್ಳುವುದು ಹೇಗೆ ಅಂತ ಒಂದು ಬರಹ ಬಂದಿತ್ತು. ಟೈರು, ಬ್ರೇಕು, ಸೀಟಿನ ಎತ್ತರ ಎಲ್ಲದರ ಬಗ್ಗೆ ಚೆನ್ನಾಗಿಯೇ ಬರೆದಿದ್ದರು. ಚೈನಿನ ವಿಷಯಕ್ಕೆ ಬಂದಾಗ ಮಾತ್ರ ‘ಆಗಾಗ ಎಣ್ಣೆ ಹಾಕುತ್ತಿರಿ’ ಅಂತ ಒಂದೇ ಸಾಲು. ಪಕ್ಕದ ಚಿತ್ರದಲ್ಲಿ ಚೈನಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು ಬೇರೆ! ಅದನ್ನು ನೋಡಿ ಸುಮ್ನೆ ಕೂರಲು ಆಗಲಿಲ್ಲ, ಯಾಕೆಂದರೆ ನಾನೂ ಎರಡು ವರ್ಷ ಹಾಗೇ ಮಾಡಿದವನು. ಗುಡ್ಡದ ದಾರಿಯಲ್ಲಿ ಓಡಿಸಿ ಬಂದ ಮೇಲೆ ಮಣ್ಣು ಮೆತ್ತಿದ ಚೈನಿನ ಮೇಲೆಯೇ ಎಣ್ಣೆ ಸುರಿಯುತ್ತಿದ್ದೆ. ಕಿರ್ ಕಿರ್ ಸದ್ದು ನಿಲ್ಲುತ್ತಿತ್ತು, ನನಗೂ ನೆಮ್ಮದಿ. ಕೊನೆಗೊಂದು ದಿನ ಏರಿನಲ್ಲಿ ಜೋರಾಗಿ ತುಳಿದಾಗ ಚೈನು ಹಲ್ಲಿನ ಮೇಲಿಂದ ಜಾರತೊಡಗಿತು. ಬಿಚ್ಚಿ ನೋಡಿದರೆ ಚೈನು ಒಂದೇ ಅಲ್ಲ, ಹಿಂದಿನ ಚಕ್ರದ ಕ್ಯಾಸೆಟ್ಟಿನ, ಅಂದರೆ ಗೇರಿನ ಹಲ್ಲುಗಾಲಿಗಳ ಗೊಂಚಲಿನ, ಹಲ್ಲುಗಳೂ ಸವೆದು ಮೊನಚಾಗಿದ್ದವು. ಎರಡನ್ನೂ ಎಸೆಯಬೇಕಾಯಿತು.

ತಪ್ಪಾಗಿದ್ದು ಎಲ್ಲಿ ಅಂತ ಆಮೇಲೆ ಗೊತ್ತಾಯಿತು. ಚೈನಿನ ಪ್ರತಿ ಕೊಂಡಿಯಲ್ಲೂ ಎರಡು ಪಟ್ಟಿ, ಅವನ್ನು ಹಿಡಿದಿರುವ ಪಿನ್ನು, ಪಿನ್ನಿನ ಸುತ್ತ ತಿರುಗುವ ರೋಲರ್ ಇರುತ್ತವೆ. 1880ರಲ್ಲಿ ಎಂಜಿನಿಯರ್ ಹ್ಯಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ಚೈನಿನ ಉಪಾಯವೂ ಇದೇ. ಲೋಹಕ್ಕೆ ಲೋಹ ಉಜ್ಜುವುದು ಒಳಗೆ, ಪಿನ್ನು ಮತ್ತು ರೋಲರ್ ಹತ್ತಿರ. ಎಣ್ಣೆ ಬೇಕಾಗಿರುವುದೂ ಅಲ್ಲೇ. ಪಟ್ಟಿಗಳ ಹೊರಗೆ ಮಿಂಚುವ ಎಣ್ಣೆಗೆ ಧೂಳು ಹಿಡಿಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ, ತುಕ್ಕು ತಡೆಯಲು ಒಂದು ತೆಳು ಪೊರೆ ಇದ್ದರೆ ಧಾರಾಳ. ಎಣ್ಣೆ ಮತ್ತು ಮರಳು ಸೇರಿ ಆಗುವ ಆ ಕಪ್ಪು ಪಾಯಸ ಇದೆಯಲ್ಲ, ಅದು ದ್ರವರೂಪದ ಉಪ್ಪು ಕಾಗದ. ಹೊಸ ಎಣ್ಣೆ ಸುರಿದಾಗಲೆಲ್ಲ ಹೊರಗಿನ ಮರಳನ್ನು ನಾವೇ ಒಳಗೆ ತೊಳೆದು ಕಳಿಸುತ್ತಿರುತ್ತೇವೆ.

ಹಾಗಾಗಿ ಮೊದಲು ಒರೆಸಿ, ಆಮೇಲೆ ಎಣ್ಣೆ, ಆಮೇಲೆ ಮತ್ತೆ ಒರೆಸಿ. ಹೆಚ್ಚಿನ ಸಲ ಹಳೆ ಬನಿಯನ್ ತುಂಡೊಂದೇ ಸಾಕು. ಚೈನಿನ ಕೆಳಗಿನ ಸಾಲನ್ನು ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಿ, ಬಟ್ಟೆಯ ಜಾಗ ಬದಲಿಸುತ್ತಾ ಇರಿ. ಇದಕ್ಕೆ ಮುಂಚೆ ಗೇರನ್ನು ಕ್ಯಾಸೆಟ್ಟಿನ ನಡುವಿನ ಹಲ್ಲುಗಾಲಿಗೆ ತಂದುಕೊಳ್ಳಿ, ದೊಡ್ಡ ಹಲ್ಲುಗಾಲಿಯ ಮೇಲಿದ್ದಾಗ ಹಿಂದಕ್ಕೆ ತಿರುಗಿಸಿದರೆ ಎಷ್ಟೋ ಬೈಕುಗಳಲ್ಲಿ ಚೈನು ಕೆಳಗಿನ ಹಲ್ಲುಗಾಲಿಗೆ ಬೀಳುತ್ತದೆ. ಹಿಂದಿನ ಚಕ್ರದ ಪಕ್ಕ ಚೈನನ್ನು ಸರಿಸಿ ಗೇರು ಬದಲಿಸುವ ಕೈಯಂಥ ಭಾಗದಲ್ಲಿ ಎರಡು ಪುಟ್ಟ ಹಲ್ಲುಗಾಲಿಗಳಿರುತ್ತವೆ, ಅವುಗಳ ಅಂಚಿನಲ್ಲಿ ಗಟ್ಟಿಯಾದ ಕಪ್ಪು ಜಿಡ್ಡಿನ ಪಟ್ಟಿ ಕೂತಿರುತ್ತದೆ. ಸ್ಕ್ರೂಡ್ರೈವರ್ ತುದಿ ಇಟ್ಟು ಗಾಲಿ ತಿರುಗಿಸಿದರೆ ಅದು ಸಿಪ್ಪೆಯ ಹಾಗೆ ಸುರುಳಿಯಾಗಿ ಎದ್ದು ಬರುತ್ತದೆ. (ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡುವುದು ಇದೊಂದೇ.)

ಕೆಸರಲ್ಲಿ ಮುಳುಗಿ ಬಂದಿದ್ದರೆ ಬಕೆಟ್ ನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್. ರಭಸದ ನೀರಿನ ಪೈಪನ್ನು ಚಕ್ರದ ನಡುವಿಗೂ ಪೆಡಲ್ ಬುಡಕ್ಕೂ ಹಿಡಿಯಬೇಡಿ, ಬೇರಿಂಗ್ ಒಳಗಿನ ಗ್ರೀಸು ತೊಳೆದುಹೋಗುತ್ತದೆ. ಚೈನು ತೀರಾ ಕಪ್ಪಾಗಿದ್ದರೆ ಸೈಕಲ್ ಚೈನಿಗೆಂದೇ ಬರುವ, ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ. ಪೆಟ್ರೋಲ್ ಮಾತ್ರ ಬೇಡ, ಅದರ ಆವಿಗೆ ಒಂದು ಕಿಡಿ ಸಾಕು. ತೊಳೆದ ಮೇಲೆ ಚೈನು ಪೂರ್ತಿ ಒಣಗಲಿ. ಈ ಕಾಯುವ ಹೊತ್ತೇ ಕಷ್ಟ ಅಲ್ವಾ, ಎಲ್ಲರೂ ಅವಸರ ಮಾಡುವುದು ಇಲ್ಲೇ. ಒಳಗೆ ನೀರು ಕೂತಿದ್ದರೆ ಎಣ್ಣೆಗೆ ಜಾಗ ಎಲ್ಲಿಂದ ಬರಬೇಕು?

ಇನ್ನು ಎಣ್ಣೆ. ಒಂದು ರೋಲರಿಗೆ ಒಂದು ತೊಟ್ಟು, ಅಷ್ಟೇ. ಚೈನಿನ ಕೆಳಗಿನ ಸಾಲಿನ ಒಳಮೈಗೆ, ಬಿಚ್ಚಿ ಹಾಕುವ ಕೊಂಡಿಯಿಂದ ಶುರು ಮಾಡಿ ಮತ್ತೆ ಅದೇ ಕೊಂಡಿ ಬರುವ ತನಕ. ನೂರು ಚಿಲ್ಲರೆ ತೊಟ್ಟು, ಎರಡು ಮೂರು ನಿಮಿಷದ ಕೆಲಸ. ಆಮೇಲೆ ಒಂದಷ್ಟು ಸುತ್ತು ತಿರುಗಿಸಿ, ಎಣ್ಣೆ ಇಳಿಯಲು ಬಿಟ್ಟು, ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಜಿಡ್ಡು ಅಂಟಬಾರದು. ‘ಹಾಕಿದ ಎಣ್ಣೆಯನ್ನೇ ಒರೆಸುವುದಾದರೆ ಹಾಕಿದ್ದಾದರೂ ಯಾಕೆ’ ಅಂತ ನನ್ನ ತಮ್ಮ ನಗುತ್ತಾನೆ. ಬೇಕಾದದ್ದು ಅಷ್ಟು ಹೊತ್ತಿಗೆ ಒಳಗೆ ಹೋಗಿರುತ್ತದಪ್ಪ!

ಎಣ್ಣೆಯಲ್ಲೂ ಜಾತಿಗಳಿವೆ. ಮಳೆ, ಕೆಸರಿಗೆ ದಪ್ಪನೆಯ ವೆಟ್ ಲ್ಯೂಬ್, ಅದು ಬೇಗ ತೊಳೆದುಹೋಗುವುದಿಲ್ಲ, ಆದರೆ ಧೂಳು ಜಾಸ್ತಿ ಹಿಡಿಯುತ್ತದೆ. ಒಣ ದಾರಿಗೆ ಡ್ರೈ ಲ್ಯೂಬ್, ಇದನ್ನು ಹಿಂದಿನ ರಾತ್ರಿಯೇ ಹಾಕಿಡಬೇಕು, ದ್ರವ ಆರಿದ ಮೇಲೆ ಉಳಿಯುವ ಪದರವೇ ಕೆಲಸ ಮಾಡುವುದು. ಚೈನು ಬಿಚ್ಚಿ ಕರಗಿಸಿದ ಮೇಣದಲ್ಲಿ ಅದ್ದುವವರೂ ಇದ್ದಾರೆ. ಚೈನು ಬಹಳ ಚೊಕ್ಕಟವಾಗಿರುತ್ತದೆ ನಿಜ, ನನಗೆ ಅಷ್ಟು ತಾಳ್ಮೆ ಇಲ್ಲ. ಇನ್ನು ಮನೆಮನೆಯಲ್ಲೂ ಇರುವ ಡಬ್ಲ್ಯುಡಿ-40 ಸ್ಪ್ರೇ. ಆ ಹೆಸರಿನ ಅರ್ಥವೇ ನೀರನ್ನು ಹೊರತಳ್ಳುವುದು, 1953ರಲ್ಲಿ ಅದನ್ನು ತಯಾರಿಸಿದ್ದೂ ಅದಕ್ಕೇ. ತುಕ್ಕು, ಜಿಡ್ಡು ಬಿಡಿಸಲು ಒಳ್ಳೆಯದು. ಆದರೆ ಆ ತೆಳು ದ್ರವವನ್ನೇ ಚೈನೆಣ್ಣೆ ಅಂದುಕೊಂಡರೆ ಮರುದಿನವೇ ಸದ್ದು ವಾಪಸ್.

ಸ್ಪ್ರೇ ಅಂದಾಗ ಇನ್ನೊಂದು ವಿಷಯ, ಬರಹದಲ್ಲಿ ಇದನ್ನು ಹೇಳದೇ ಬಿಟ್ಟಿದ್ದು ನಿಜಕ್ಕೂ ತಪ್ಪು. ಈಗಿನ ಮೌಂಟನ್ ಬೈಕುಗಳಲ್ಲಿ ಹೆಚ್ಚಿನವಕ್ಕೆ ಡಿಸ್ಕ್ ಬ್ರೇಕ್. ಹಿಂದಿನ ಡಿಸ್ಕು ಕ್ಯಾಸೆಟ್ಟಿನಿಂದ ಅಂಗೈ ದೂರದಲ್ಲೂ ಇಲ್ಲ. ಸ್ಪ್ರೇ ಹನಿ ಅದರ ಮೇಲೆ ಬಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಎಣ್ಣೆ ಹೀರಿಕೊಂಡು ಬ್ರೇಕು ಕಿರುಚುತ್ತದೆ, ಹಿಡಿತವೂ ಹೋಗುತ್ತದೆ. ಇಳಿಜಾರಿನಲ್ಲಿ ಗೊತ್ತಾದರೆ ಗತಿ ಏನು? ಅದಕ್ಕೇ ತೊಟ್ಟು ಬಿಡುವ ಬಾಟಲಿಯೇ ವಾಸಿ. ಡಿಸ್ಕಿಗೆ ತಗುಲಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬಹುದು, ಪ್ಯಾಡು ಕುಡಿದುಬಿಟ್ಟಿದ್ದರೆ ಬಹುತೇಕ ಹೊಸದೇ ಹಾಕಿಸಬೇಕು.

ಚೈನು ಎಷ್ಟು ಸವೆದಿದೆ ಅಂತ ನೋಡಲು ಅಡಿಕೋಲು ಸಾಕು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಹಾಗಾಗಿ ಹೊಸ ಚೈನಿನಲ್ಲಿ ಸೊನ್ನೆಗೆ ಒಂದು ಪಿನ್ನಿನ ನಡುಭಾಗ ಇಟ್ಟರೆ 24ನೆಯ ಅಂತರದ ಪಿನ್ನು ಸರಿಯಾಗಿ 12 ಇಂಚಿಗೆ ನಿಲ್ಲಬೇಕು. ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಅರ್ಧ ಪರ್ಸೆಂಟ್ ಸವೆದಂತೆ. ಹಿಂದೆ 11 ಅಥವಾ 12 ಗೇರ್ ಇರುವ ಬೈಕಾದರೆ ಆಗಲೇ ಚೈನು ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ. ನನ್ನ ಹಳೆ ಚೈನು ಎಸೆಯುವ ಮುಂಚೆ ಅಳೆದು ನೋಡಿದ್ದೆ, ನಾಲ್ಕು ಮಿಲಿಮೀಟರ್ ಮುಂದೆ ಹೋಗಿತ್ತು.

— ನಿಮ್ಮ ಓದುಗ