ರಕ್ತ ಹರಿದ ಮೇಲೂ ಕಾಲಿನ ಮೇಲೆ ಕಣ್ಣಿರಲಿ

ಮಾನ್ಯ ಸಂಪಾದಕರೇ,

ಕಾಲಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡವರಿಗೆ ಆಪರೇಷನ್ ಮಾಡಿ ಅದನ್ನು ತೆಗೆದರೆ ಕಾಲು ಉಳಿದಂತೆಯೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ರಕ್ತನಾಳ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ನಾನು. ಆಮೇಲಿನ ಗಂಟೆಗಳ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಥಿಯೇಟರಿನಿಂದ ಬಂದ ಪಾದ ಬೆಚ್ಚಗಿರುತ್ತದೆ. ಮನೆಯವರು ಮುಟ್ಟಿ ನೋಡಿ, ‘ಸಿಸ್ಟರ್, ಬಿಸಿ ಬಂತು’ ಅಂತ ಖುಷಿಪಡುತ್ತಾರೆ. ನಾನು ಮೀನಖಂಡ ಒತ್ತಿ ನೋಡುತ್ತೇನೆ. ಕಾಲ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಬಗ್ಗಿಸುತ್ತೇನೆ. ಆಗ ರೋಗಿ ಚೀರಿದರೆ, ಪಾದದಲ್ಲಿ ನಾಡಿ ಸಿಗುತ್ತಿದ್ದರೂ ಡಾಕ್ಟರಿಗೆ ಫೋನ್ ಮಾಡಲೇಬೇಕು.

ಗಂಟೆಗಟ್ಟಲೆ ರಕ್ತವಿಲ್ಲದೆ ನಾಳದ ಒಳಪದರ ಮೊದಲೇ ನೊಂದಿರುತ್ತದೆ. ರಕ್ತ ಮತ್ತೆ ನುಗ್ಗಿದಾಗ ಆ ಪದರದ ಮೇಲೆ ಸೆಲೆಕ್ಟಿನ್ ಎಂಬ ಪ್ರೋಟೀನು ಮೂಡುತ್ತದೆ. ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್‌ಗಳು, ಅದಕ್ಕೆ ತಗುಲಿ ಗೋಡೆಗುಂಟ ಉರುಳುತ್ತಾ ನಿಧಾನವಾಗುತ್ತವೆ. ಆಮೇಲೆ ತಮ್ಮ ಮೈಮೇಲಿನ ಇಂಟಿಗ್ರಿನ್ ಎಂಬ ಇನ್ನೊಂದು ಪ್ರೋಟೀನಿನಿಂದ ಗಟ್ಟಿಯಾಗಿ ಅಂಟಿಕೊಂಡು, ಗೋಡೆ ದಾಟಿ ಸ್ನಾಯುವಿಗೆ ಇಳಿಯುತ್ತವೆ. ರೋಗಾಣುಗಳನ್ನು ಕೊಲ್ಲಲು ಇಟ್ಟುಕೊಂಡಿದ್ದ ರಾಸಾಯನಿಕಗಳನ್ನು ನಮ್ಮದೇ ಸ್ನಾಯುವಿನ ಮೇಲೆ ಬಿಡುತ್ತವೆ. ಸಣ್ಣ ನಾಳಗಳು ಕಟ್ಟುತ್ತವೆ, ನೀರು ಸೋರಿ ಊತ ಬರುತ್ತದೆ.

ಮೊಣಕಾಲಿನ ಕೆಳಗೆ ಸ್ನಾಯುಗಳು ಬಿಗಿಯಾದ ಪೊರೆಯ 4 ಕೋಣೆಗಳಲ್ಲಿ ಇರುತ್ತವೆ. ಊದಿಕೊಳ್ಳಲು ಜಾಗವೇ ಇಲ್ಲ. ಒತ್ತಡ ಏರಿದರೆ ಪೊರೆಯನ್ನು ಉದ್ದಕ್ಕೆ ಸೀಳಿ ಬಿಡಬೇಕಾಗುತ್ತದೆ. ಇದಕ್ಕೆ ಫ್ಯಾಷಿಯಾಟಮಿ ಅಂತಾರೆ. ತೆರೆದ ಗಾಯ ಕಂಡು ಮನೆಯವರು ‘ಆಪರೇಷನ್ ಕೆಟ್ಟಿತು’ ಅಂತ ಗಲಾಟೆ ಮಾಡುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲೇ ಯಾರೂ ಹೇಳಿರುವುದಿಲ್ಲ ಅಲ್ವಾ? ಆದರೆ ಆ ಸೀಳೇ ಎಷ್ಟೋ ಕಾಲು ಉಳಿಸಿದೆ.

ಮೂತ್ರದ ಬಣ್ಣವನ್ನೂ ನೋಡುತ್ತಿರಬೇಕು. ಕಡು ಕಂದಾಗಿದ್ದರೆ ಸತ್ತ ಸ್ನಾಯುವಿನ ಅಂಶ ಕಿಡ್ನಿಗೆ ಹೋಗುತ್ತಿದೆ ಅಂತ ಅನುಮಾನಪಡಬೇಕು. ಅದೇ ಸ್ನಾಯುವಿನಿಂದ ಸೋರಿ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಬಿಳಿ ಕಣ ಅಂಟದಂತೆ ತಡೆಯುವ ಔಷಧಿಗಳು ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಹೃದಯಾಘಾತ, ಪಾರ್ಶ್ವವಾಯು ಆದವರ ಮೇಲೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಹಾಗಾಗಿ ಇವತ್ತಿಗೂ ಬೇಗ ಬರುವುದೇ ದಾರಿ. ರಕ್ತ ಪೂರ್ತಿ ನಿಂತರೆ ಸುಮಾರು 6 ಗಂಟೆಯೊಳಗೆ ಸ್ನಾಯು ಸಾಯಲು ಶುರುವಾಗುತ್ತದೆ. ತಡವಾದಷ್ಟೂ ರಕ್ತ ಹರಿಸಿದ ಮೇಲಿನ ಹಾನಿ ಜಾಸ್ತಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋಮು ಹಿಡಿದರೆ ವಾಯು ಅಂತ ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಹೃದಯದ ಬಡಿತ ಏರುಪೇರು ಇರುವವರು, ವಾಲ್ವ್ ತೊಂದರೆ ಇರುವವರು ಇನ್ನೂ ಎಚ್ಚರವಾಗಿರಿ.

ಆಸ್ಪತ್ರೆಗಳಿಗೆ ನನ್ನದೊಂದು ಬೇಡಿಕೆ. ಆಪರೇಷನ್ನಿಗೆ ಸಹಿ ಹಾಕಿಸುವಾಗಲೇ ಊತ, ನೋವು, ಮೂತ್ರದ ಬಣ್ಣ, ಎರಡನೇ ಸೀಳು ಇಷ್ಟನ್ನೂ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಮನೆಯವರ ಕೈಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

— ಒಬ್ಬ ಶುಶ್ರೂಷಕಿ, ದಾವಣಗೆರೆ