ದೋಸ್ತ ಮಲ್ಲೂಗೊಂದು ಪತ್ರ: ಗುಂಡಿಯೊಳಗ ಹೊಲಿದ ಹರಳು

ದೋಸ್ತ ಮಲ್ಲೂ,

ನೀ ಕೇಳಿದ್ದಿ ನೋಡು, ಯುದ್ಧದಾಗ ರಾಜಮನೆತನದವರು ದಾಗೀನ ಹೆಂಗ ಉಳಿಸ್ಕೋತಿದ್ರು ಅಂತ, ಅದಕ್ಕ ಉತ್ತರ ಇದು.

ರಷ್ಯಾದ ಜಾರ್, ಅಂದ್ರ ಚಕ್ರವರ್ತಿ, ಅವನ ಮನಿತನದ್ದ ತಗೋ. ಕ್ರಾಂತಿ ಆದ ಮ್ಯಾಲ, 1918ರಾಗ, ಸೈಬೀರಿಯಾದ ತೊಬೋಲ್ಸ್ಕ್ ಊರಿನ ಸೆರೆಯೊಳಗ ದಾಸಿಯರು ಹರಳನ್ನ ಹತ್ತಿಯೊಳಗ ಸುತ್ತಿ, ಎರಡು ಒಳಕುಪ್ಪಸದ ನಡುವ ಇಟ್ಟು ಹೊಲದ್ರು. ಗುಂಡಿ ಬಿಚ್ಚಿ, ಆ ಜಾಗಾದಾಗ ಹತ್ತಿ ಸುತ್ತಿ ಕರೀ ರೇಷ್ಮಿ ಹೊದಿಸಿದ ಹರಳು ಹಚ್ಚಿದ್ರು. ಟೊಪಗಿಯ ಅಸ್ತರದ ಒಳಗೂ ಇಟ್ರು. ಅವರು ಬರದ ಪತ್ರದಾಗ ಇದಕ್ಕೆಲ್ಲಾ "ಔಷಧ" ಅನ್ನೂ ಗುಪ್ತ ಹೆಸರು. ಹತ್ತಿ ಯಾಕಂತ ನಿನಗ ಹೇಳಬೇಕಾಗಿಲ್ಲ: ವಜ್ರಕ್ಕ ವಜ್ರ ತಿಕ್ಕಿದ್ರ ಅಂಚು ಮುಕ್ಕಾಗ್ತೈತಿ, ಬಾಜೂಕ ಮುತ್ತಿದ್ರ ಅದರ ಹೊಳಪ ಹೋಗ್ತೈತಿ. ಪಚ್ಚೆಯೊಳಗಂತೂ ಹುಟ್ಟಿನಿಂದನ ಬಿರುಕು, ಒಂದ ಪೆಟ್ಟಿಗೆ ಸೀಳ್ತೈತಿ. ಜುಲೈ 17ರ ನಸುಕಿನ್ಯಾಗ ಯೆಕಟೆರಿನ್‌ಬರ್ಗ್ ಊರಾಗ ಬೊಲ್ಶೆವಿಕ್ ಕ್ರಾಂತಿಕಾರರು ಜಾರನ ಮನಿಯವರ ಮ್ಯಾಲ ಗುಂಡು ಹಾರಿಸಿದಾಗ ಆ ಹರಳು ಅಡ್ಡಾದುವು. ಆ ಕುಪ್ಪಸ ತೊಟ್ಟಿದ್ದ ಜಾರನ ಹೆಣ್ಣಮಕ್ಕಳ ಜೀವ ಉಳೀಲಿಲ್ಲ, ನರಳಾಟ ಮಾತ್ರ ಹೆಚ್ಚಾತು.

ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಮನಿತನದ ದಾಗೀನ ಅದ ವರ್ಷ ನವೆಂಬರದಾಗ ವಿಯೆನ್ನಾದಿಂದ ಸ್ವಿಟ್ಜರ್‌ಲ್ಯಾಂಡಿಗೆ ಹೋದುವು. ಅದರಾಗ ಫ್ಲೋರೆಂಟೈನ್ ವಜ್ರ, 137 ಕ್ಯಾರೆಟ್, ಹಳದಿ. ಕಳದೇ ಹೋತು ಅಂತಿದ್ರು. ಆಸ್ಟ್ರಿಯಾದ ಕಡೀ ಚಕ್ರವರ್ತಿಯ ಹೆಂಡತಿ ಝೀಟಾ 1940ರಾಗ ನಾಝಿಗಳಿಂದ ತಪ್ಪಿಸ್ಕೊಂಡು ಹೋದಾಗ ಅದನ್ನೂ ಒಯ್ದಿದ್ಲು, ಕೆನಡಾದ ಬ್ಯಾಂಕಿನ್ಯಾಗ ಐತಿ ಅಂತ ಮನಿಯವರು 2025ರಾಗ ಹೇಳಿದ್ರು.

ಎರಡನೇ ಮಹಾಯುದ್ಧದಾಗ ಬ್ರಿಟನ್ನಿನ ರಾಜ ದೇಶ ಬಿಡಲಿಲ್ಲ. ಕಿರೀಟದ ದೊಡ್ಡ ಹರಳು ಕಿತ್ತು, ಬಿಸ್ಕೀಟಿನ ಡಬ್ಬಿಯೊಳಗ ಹಾಕಿ, ವಿಂಡ್ಸರ್ ಕೋಟೆಯ ಕೆಳಗ ಹುಗದ್ರು. ಬಂಗಾರದ ಕಟ್ಟು ಉಳದಿತ್ತು, ಯುದ್ಧ ಮುಗದ ಮ್ಯಾಲ ಹರಳು ತಮ್ಮ ಜಾಗಾಕ್ಕ ಬಂದು ಕುಂತುವು.

ದೇಶ ಬಿಟ್ಟವರಿಗೆ ಆ ಅನುಕೂಲ ಇಲ್ಲ. ಇಡೀ ದಾಗೀನ ಮಾರಾಕ ಹೋದ್ರ ಯಾರ ಮನಿದು ಅಂತ ಗುರುತು ಸಿಗತೈತಿ. ಹಂಗಾಗಿ ಹರಳು ಬ್ಯಾರೆ, ಬಂಗಾರ ಕುಲುಮಿಗೆ. ಮಾಡಿದ ಪತ್ತಾರನ ಕೈಕೆಲಸ ಅಲ್ಲೇ ಸತ್ತಂಗ.

ಇಷ್ಟು ಬರೀಬೇಕಂತ ಕುಂತಿರಲಿಲ್ಲ ಮಲ್ಲೂ, ಆದ್ರೂ ಬರೀತೀನಿ. ಆ ದಾಗೀನ ಮುರದು ಕರಗಿಸಿದ ಕೈ ನಮ್ಮ ಪತ್ತಾರ ಕಸಬಿನವರದು. ಅವಸರದಾಗ ಮಾರೂರಿಗೆ ಮಜೂರಿ ಯಾರೂ ಕಟ್ಟಿ ಕೊಡೂದಿಲ್ಲ, ಕಲ್ಲಿನ ತೂಕ ಕಳದು ಉಳದದ್ದಕ್ಕಷ್ಟ ರೊಕ್ಕ. ಇವತ್ತೂ ಹಂಗ. ಕಣ್ಣೀರು ಒರಸ್ಕೋತ ತಾಳಿ ಬಿಚ್ಚಿ ಕೊಡೂ ಹೆಣಮಗಳ ಮುಂದ ಆ ತಕ್ಕಡಿ ಹಿಡಿಯಾಕ ನನಗ ನಾಚಿಕಿ ಬರ್ತೈತಿ.

ಇರಲಿ ಬಿಡು. ಬರೂಮುಂದ ಗೋಕಾಕದ ಕರದಂಟು ತಾ, ಅಂಟು ಜಾಸ್ತಿ ಹಾಕಿದ್ದು. ಅವ್ವ ಎರಡು ಸಲ ನೆನಪು ಮಾಡ್ಯಾಳ.

ನಿನ್ನ,
ಬಸು
ಶಹಾಪುರ, ಬೆಳಗಾವಿ