ಇಪ್ಪತ್ತು ಡಾಲರಿನ ಗಿಂಬಳ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಅಮೆರಿಕಕ್ಕೆ ಹೋಗುವವರಿಗೆ ಅಂತ ಒಂದಷ್ಟು ಉಪಾಯಗಳನ್ನು ಹಾಕಿದ್ದಿರಿ. ಲಾಸ್ ವೇಗಾಸ್‌ನ ಹೋಟೆಲ್ ಕೌಂಟರಿನಲ್ಲಿ 20 ಡಾಲರ್ ದಾಟಿಸಿ ಒಳ್ಳೆಯ ರೂಮು ಗಿಟ್ಟಿಸಿಕೊಳ್ಳುವುದೂ ಅದರಲ್ಲಿ ಒಂದು. ಓದಿ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ನಾನು ಮೈಸೂರಿನ ಒಂದು ಲಾಡ್ಜಿನ ರಿಸೆಪ್ಷನ್‌ನಲ್ಲಿ 22 ವರ್ಷ ಕೂತವನು. 2025ರ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಈ ಉಪಾಯವನ್ನು ಕಣ್ಣಾರೆ ನೋಡಿಯೂ ಬಂದೆ. ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಪುರವಣಿ ಓದದವರಿಗೆ ವಿಷಯ ಹೇಳಿಬಿಡುತ್ತೇನೆ. ಚೆಕ್ ಇನ್ ಮಾಡುವಾಗ ಗುರುತಿನ ಚೀಟಿ ಮತ್ತು ಕ್ರೆಡಿಟ್ ಕಾರ್ಡ್ ಕೊಡಬೇಕಲ್ವಾ, ಅವೆರಡರ ಮಧ್ಯೆ 20 ಡಾಲರಿನ ನೋಟು ಮಡಚಿ ಇಡುವುದು. 'ಖಾಲಿ ಇದ್ದರೆ ಯಾವುದಾದರೂ ಅಪ್‌ಗ್ರೇಡ್ ಸಿಗಬಹುದಾ' ಅಂತ ನಗುತ್ತಾ ಕೇಳುವುದು. ಕೌಂಟರಿನವರು ಕೊಟ್ಟರೆ ನೋಟು ಅವರದ್ದು. ಇಲ್ಲ ಅಂದರೆ ಸಾಮಾನ್ಯವಾಗಿ ನೋಟು ವಾಪಸ್. ಇದಕ್ಕೆ ಅಲ್ಲಿ 'ಟ್ವೆಂಟಿ ಡಾಲರ್ ಟ್ರಿಕ್' ಅಂತ ಹೆಸರು, ಕೆಲವರು 'ಸ್ಯಾಂಡ್‌ವಿಚ್' ಅಂತಲೂ ಅನ್ನುತ್ತಾರೆ. ನಮ್ಮಲ್ಲಿ ಫೈಲಿನ ಒಳಗೆ ನೋಟು ಇಟ್ಟು ಕೊಡುತ್ತಿದ್ದರಲ್ಲ, ಅದೇ. ಅದಕ್ಕೆ ಯಾರೂ ಸ್ಯಾಂಡ್‌ವಿಚ್ ಅಂತ ಹೆಸರಿಡಲಿಲ್ಲ ಅಷ್ಟೇ.

ಮಗಳು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಒಂಬತ್ತು ಗಂಟೆ, ನಡುವೆ ಮರಳುಗಾಡು. ವೇಗಾಸ್ ತಲುಪಿದಾಗ ನನ್ನ ಹೆಂಡತಿಗೆ ಸೊಂಟ ಹಿಡಿದುಕೊಂಡಿತ್ತು. ಕಾರ್ ಪಾರ್ಕಿಂಗ್‌ನಲ್ಲೇ ಅಳಿಯ ಪರ್ಸ್ ತೆಗೆದು ನೋಟು ಮಡಚುತ್ತಿದ್ದ. 'ಮಾವ, ನೀವು ಸುಮ್ನೆ ನೋಡ್ತಾ ಇರಿ' ಅಂದ. ಅದಕ್ಕೂ ಮೊದಲು ನಾಲ್ಕು ದಿನ ಇಂಟರ್‌ನೆಟ್‌ನಲ್ಲಿ ಓದಿದ್ದನಂತೆ, ಎಷ್ಟು ಹೊತ್ತಿಗೆ ಹೋಗಬೇಕು, ಯಾವ ಥರದವರ ಸಾಲಿನಲ್ಲಿ ನಿಲ್ಲಬೇಕು, ನೋಟಿನ ಯಾವ ಮೂಲೆ ಹೊರಗೆ ಕಾಣಬೇಕು ಅಂತ. ಪಿಎಚ್‌ಡಿಗೂ ಅಷ್ಟು ಓದಿರಲಿಕ್ಕಿಲ್ಲ.

ಕೌಂಟರಿನಲ್ಲಿದ್ದ ಹುಡುಗಿಗೆ ಮಗಳ ವಯಸ್ಸು. ಕಾರ್ಡ್ ತೆಗೆದುಕೊಂಡಳು, ನೋಟು ನೋಡಿದಳು, ಮುಖದಲ್ಲಿ ಏನೂ ತೋರಿಸಲಿಲ್ಲ. ಐದಾರು ಸಲ ಕೀಬೋರ್ಡ್ ಕುಟ್ಟಿದಳು. 'ಸ್ಟ್ರಿಪ್ ಕಾಣುವ ರೂಮು ಕೊಡುತ್ತೇನೆ, 19ನೇ ಮಹಡಿ' ಅಂದಳು. ಸ್ಟ್ರಿಪ್ ಅಂದರೆ ಆ ದೊಡ್ಡ ಕ್ಯಾಸಿನೊಗಳೆಲ್ಲ ಸಾಲಾಗಿ ಇರುವ ರಸ್ತೆ. ಅಳಿಯ ನನ್ನ ಕಡೆ ತಿರುಗಿ ಕಣ್ಣು ಹೊಡೆದ. ನಾನು ನೋಡುತ್ತಿದ್ದದ್ದು ಆ ಹುಡುಗಿಯ ಕೈಯನ್ನು. ಅವಳು ಹುಡುಕಲೇ ಇಲ್ಲ. ಆ ರೂಮು ಮೊದಲೇ ನಮ್ಮ ಹೆಸರಿಗೆ ಬಿದ್ದಿತ್ತು ಅಂತ ನನಗೆ ಅನ್ನಿಸಿತು. ತಪ್ಪಿರಬಹುದು, ಆದರೆ 22 ವರ್ಷ ಇದೇ ಕೆಲಸ ಮಾಡಿದವನ ಕಣ್ಣು.

ಯಾಕೆ ಹಾಗೆ ಅನ್ನಿಸಿತು ಅಂದರೆ, ಹೋಟೆಲಿನವರು ಕಡಿಮೆ ದರದ ರೂಮುಗಳನ್ನು ಇರುವುದಕ್ಕಿಂತ ಜಾಸ್ತಿಯೇ ಬುಕ್ ಮಾಡಿಕೊಂಡಿರುತ್ತಾರೆ. ಒಂದಿಷ್ಟು ಜನ ಬರುವುದಿಲ್ಲ ಅಂತ ಅವರ ಲೆಕ್ಕ. ಎಲ್ಲರೂ ಬಂದುಬಿಟ್ಟರೆ ಯಾರನ್ನಾದರೂ ಮೇಲಿನ ದರ್ಜೆಗೆ ಹಾಕಲೇಬೇಕು. ನಾವು ಹೋದದ್ದು ಮಂಗಳವಾರ. ವೇಗಾಸ್‌ನಲ್ಲಿ ಶುಕ್ರವಾರ, ಶನಿವಾರ ನೂಕುನುಗ್ಗಲು, ವಾರದ ನಡುವೆ ದುಬಾರಿ ರೂಮುಗಳು ಖಾಲಿ. ಅದೂ 2025ರಲ್ಲಿ ಆ ಊರಿಗೆ ಬರುವವರೇ ಕಡಿಮೆಯಾಗಿದ್ದರು. ಇಡೀ ಊರಿನಲ್ಲಿ ಸುಮಾರು ಒಂದೂವರೆ ಲಕ್ಷ ರೂಮುಗಳಿವೆ, ಎಂಜಿಎಂ ಗ್ರ್ಯಾಂಡ್ ಒಂದರಲ್ಲೇ 5,000ಕ್ಕೂ ಜಾಸ್ತಿ. ಅಂಥ ದಿನ ಸುಮ್ನೆ ಬಾಯಿಬಿಟ್ಟು ಕೇಳಿದರೂ ಸಿಗುವ ಸಾಧ್ಯತೆ ಇದೆ. ಅದೇ ಜನವರಿಯಲ್ಲಿ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ ನಡೆಯುವಾಗಲೋ, ನವೆಂಬರ್‌ನ ಫಾರ್ಮುಲಾ ಒನ್ ರೇಸಿನ ವಾರದಲ್ಲೋ ಹೋಗಿ ನೂರು ಡಾಲರ್ ಇಟ್ಟರೂ ಇಲ್ಲದ ರೂಮನ್ನು ಅವರು ಎಲ್ಲಿಂದ ತರುತ್ತಾರೆ?

ಈಗ ನನ್ನ ತಪ್ಪಿನ ಕಥೆ. ಹೇಳದಿದ್ದರೆ ಈ ಪತ್ರ ಬರೆಯುವ ಯೋಗ್ಯತೆ ನನಗಿಲ್ಲ.

ನಮ್ಮ ಲಾಡ್ಜಿನಲ್ಲಿ ಇದ್ದದ್ದು 24 ರೂಮು. ಲಿಫ್ಟ್ ಇರಲಿಲ್ಲ. ಬೆಳಗ್ಗೆ 6ರಿಂದ 9ರವರೆಗೆ ಬಿಸಿನೀರು, ಅದೂ ಮೂರನೇ ಮಹಡಿಗೆ ಏರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ದಸರಾ ಬಂತು ಅಂದರೆ ಹದಿನೈದು ದಿನ ಮೊದಲೇ ರಿಜಿಸ್ಟರ್ ಭರ್ತಿ. ಆಗ ಶುರುವಾಗುತ್ತಿತ್ತು ನೋಡಿ ಮರ್ಯಾದೆ. ಬೇರೆ ದಿನ 'ಏಯ್' ಅನ್ನುತ್ತಿದ್ದವರೆಲ್ಲ ದಸರೆಯಲ್ಲಿ 'ಸ್ವಾಮೀ' ಅನ್ನುತ್ತಿದ್ದರು. ರಿಜಿಸ್ಟರಿಗೆ ಸಹಿ ಹಾಕುವಾಗ ಪೆನ್ನಿನ ಜೊತೆ ಒಂದು ನೋಟು ಇಟ್ಟು 'ಕಾಫಿಗೆ ಇಟ್ಕೊಳ್ಳಿ' ಅನ್ನುತ್ತಿದ್ದರು. ನೂರು ರೂಪಾಯಿಯ ಕಾಫಿ ಆಗ ಮೈಸೂರಿನಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ನಾನು ಇಟ್ಟುಕೊಳ್ಳುತ್ತಿದ್ದೆ. ಸಂಬಳ ಕಡಿಮೆ, ದಸರೆಯ ಹತ್ತು ದಿನದ ಗಿಂಬಳದಲ್ಲಿ ಮಕ್ಕಳ ಬಟ್ಟೆ ಆಗುತ್ತಿತ್ತು.

ಒಂದು ವರ್ಷ ಜಂಬೂ ಸವಾರಿಯ ಹಿಂದಿನ ದಿನ ರಾಯಚೂರಿನ ಕಡೆಯ ಒಂದು ಕುಟುಂಬ ಬಂತು. ಫೋನ್ ಮಾಡಿ ನೆಲಮಹಡಿಯ ರೂಮೇ ಬೇಕು ಅಂತ ಹೇಳಿದ್ದರು, ಜೊತೆಗೆ ವಯಸ್ಸಾದ ತಾಯಿ ಇದ್ದಾರೆ ಅಂತ. ನಾನೂ ಆಗಲಿ ಅಂದಿದ್ದೆ. ಆದರೆ ಅವರಿಗಿಂತ ಅರ್ಧ ಗಂಟೆ ಮೊದಲು ಒಬ್ಬ ವ್ಯಾಪಾರಿ ಬಂದು, ಮೆಟ್ಟಿಲು ಹತ್ತಲು ಬೇಜಾರು ಅಂತ ಇನ್ನೂರು ರೂಪಾಯಿ ಇಟ್ಟು ಆ ಬೀಗದ ಕೈ ತೆಗೆದುಕೊಂಡು ಹೋಗಿದ್ದ. ರಾಯಚೂರಿನವರಿಗೆ ನಾನು 'ಕೆಳಗಿನ ರೂಮಿನಲ್ಲಿ ನಲ್ಲಿ ಕೆಟ್ಟಿದೆ' ಅಂತ ಸುಳ್ಳು ಹೇಳಿ ಮೂರನೇ ಮಹಡಿಯ ಕೀ ಕೊಟ್ಟೆ. ಆ ಅಜ್ಜಿ ನಾಲ್ಕು ಮೆಟ್ಟಿಲು ಹತ್ತುವುದು, ಕೂರುವುದು, ಮತ್ತೆ ಹತ್ತುವುದು. ಸಾಮಾನು ಹೊತ್ತಿದ್ದ ನಮ್ಮ ರೂಮ್ ಬಾಯ್‌ನ ಹತ್ತಿರ 'ಇನ್ನಾ ಎಷ್ಟು ಮೆಟ್ಲ ಅದಾವಪಾ' ಅಂತ ಕೇಳಿದ್ದು ಕೌಂಟರಿಗೂ ಕೇಳಿಸಿತು. ನಾನು ರಿಜಿಸ್ಟರ್ ತಿರುವಿ ಹಾಕುತ್ತಾ ಕೂತೆ.

ವೇಗಾಸ್‌ನಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ಮೂರು ಸಾವಿರ ರೂಮಿನ ಹೋಟೆಲಿನಲ್ಲಿ ನಿಮಗೆ ಸಿಕ್ಕ ರೂಮು ಯಾರಿಗೆ ತಪ್ಪಿತು ಅಂತ ಯಾರು ನೋಡುತ್ತಾರೆ? ಆದರೆ ಅಪ್‌ಗ್ರೇಡ್ ಅನ್ನುವುದು ಆಕಾಶದಿಂದ ಉದುರುವುದಿಲ್ಲ. ಇರುವ ರೂಮೇ ಒಬ್ಬರ ಬದಲು ಇನ್ನೊಬ್ಬರಿಗೆ ಹೋಗುವುದು. ಹಾಗಾಗಿ ನಿಮ್ಮ ಲೇಖಕರು ಇದನ್ನು 'ಟಿಪ್ಸ್' ಅಂತ ಕರೆದದ್ದಕ್ಕೆ ನನ್ನ ತಕರಾರು. ಕೆಲಸ ಆದಮೇಲೆ ಖುಷಿಯಿಂದ ಕೊಟ್ಟರೆ ಅದು ಟಿಪ್ಸ್. ಕೆಲಸ ಆಗುವ ಮುಂಚೆಯೇ, ಆಗಲಿ ಅಂತ ಕೊಟ್ಟರೆ ಅದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ, ನಿಮ್ಮ ಪತ್ರಿಕೆಯ ಮುಖಪುಟದಲ್ಲಿ ವಾರಕ್ಕೆರಡು ಸಲ ಬರುತ್ತದೆ.

'ಅಮೆರಿಕದಲ್ಲಿ ಎಲ್ಲದಕ್ಕೂ ಟಿಪ್ಸ್ ಕೊಡಲೇಬೇಕು ಮಾವ, ಅವರು ಬದುಕುವುದೇ ಅದರಲ್ಲಿ' ಅಂತ ಅಳಿಯ ವಾದ ಮಾಡಿದ. ಅರ್ಧ ಸರಿ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕು, ಕನಿಷ್ಠ ಕೂಲಿಯ ಉಳಿದ ಭಾಗ ಟಿಪ್ಸ್‌ನಲ್ಲಿ ತುಂಬುತ್ತದೆ ಅಂತ ಲೆಕ್ಕ. 1991ರಿಂದ ಈ ದರ ಬದಲಾಗಿಲ್ಲ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಊಟ ಬಡಿಸುವವರಿಗೆ ಟಿಪ್ಸ್ ಕೊಡದೆ ಎದ್ದು ಬಂದರೆ ಅವರ ಕೂಲಿಯನ್ನೇ ಕಿತ್ತುಕೊಂಡ ಹಾಗೆ. ಆದರೆ ವೇಗಾಸ್ ಇರುವ ನೆವಾಡಾದಲ್ಲಿ ಈ ಲೆಕ್ಕ ಇಲ್ಲ. ಅಲ್ಲಿ ಟಿಪ್ಸ್ ಬಂದರೂ ಬರದಿದ್ದರೂ ಗಂಟೆಗೆ ಕನಿಷ್ಠ 12 ಡಾಲರ್ ಕೂಲಿ ಕೊಡಲೇಬೇಕು, 2024ರ ಜುಲೈನಿಂದ. ಕೌಂಟರಿನ ಹುಡುಗಿಯನ್ನು ನಾನು ಬೈಯುತ್ತಿಲ್ಲ. ನಾನೂ ಅದೇ ಜಾತಿಯವನು. ಆದರೆ ಬೆನ್ನು ಬಗ್ಗಿಸಿ ದುಡಿಯುವವರು ಬೇರೆ ಇದ್ದಾರೆ.

ರೂಮು ಗುಡಿಸಿ, ಹಾಸಿಗೆ ಬದಲಿಸುವ ಹೆಂಗಸರು. ಅವರನ್ನು ನಾವು ನೋಡುವುದೇ ಇಲ್ಲ, ನಾವು ಹೊರಗೆ ಹೋದಾಗ ಬಂದು ಹೋಗುತ್ತಾರೆ. ವೇಗಾಸ್‌ನಲ್ಲಿ ಇವರ, ಅಡುಗೆಯವರ, ಬಡಿಸುವವರ ಕಲಿನರಿ ಯೂನಿಯನ್ ಇದೆ, ಸುಮಾರು 60,000 ಸದಸ್ಯರು. ಕೊರೊನಾ ಬಂದಮೇಲೆ ಹೋಟೆಲಿನವರು ದಿನಾ ರೂಮು ಸ್ವಚ್ಛ ಮಾಡಿಸುವುದನ್ನು ಬಿಟ್ಟಿದ್ದರು. ಕೆಲಸ ಕಮ್ಮಿಯಾಯಿತು ಅಂತ ನಮಗೆ ಅನ್ನಿಸುತ್ತದೆ, ಆದರೆ ಮೂರು ದಿನದ ಕೊಳೆಯನ್ನು ಒಂದೇ ದಿನ ತೆಗೆಯುವುದು ಹೇಗಿರುತ್ತದೆ ಅಂತ ನಮ್ಮ ಲಾಡ್ಜಿನಲ್ಲಿ ಹಬ್ಬದ ಮರುದಿನ ನಾನು ನೋಡಿದ್ದೇನೆ. 2023ರ ನವೆಂಬರ್‌ನಲ್ಲಿ ಮುಷ್ಕರದ ಬೆದರಿಕೆ ಹಾಕಿ, ಸಂಬಳದ ಜೊತೆಗೆ ದಿನನಿತ್ಯ ರೂಮು ಸ್ವಚ್ಛ ಮಾಡುವ ನಿಯಮವನ್ನೂ ಇವರು ದೊಡ್ಡ ಕಂಪನಿಗಳ ಒಪ್ಪಂದದಲ್ಲಿ ಸೇರಿಸಿಕೊಂಡರು. ಇವರಿಗೆ ದಿನಕ್ಕೆ ಮೂರೋ ಐದೋ ಡಾಲರ್ ದಿಂಬಿನ ಮೇಲೆ ಇಟ್ಟು ಹೋಗುವುದು ಅಲ್ಲಿನ ರೂಢಿ. ಕೌಂಟರಿಗೆ 20 ಡಾಲರ್ ಕೊಟ್ಟ ನಮ್ಮ ಅಳಿಯ ದಿಂಬಿನ ಮೇಲೆ ಒಂದು ಡಾಲರೂ ಇಟ್ಟಿರಲಿಲ್ಲ. ನೆನಪಿಸಿದಾಗ 'ಅದು ಆಪ್ಷನಲ್ ಮಾವ' ಅಂದ. ಕೊನೆಗೆ ನನ್ನ ಹೆಂಡತಿಯೇ ಇಟ್ಟಳು.

ಇನ್ನೊಂದು ತಮಾಷೆ. 20 ಡಾಲರ್ ಅಂದರೆ 1,700 ರೂಪಾಯಿ ದಾಟುತ್ತದೆ. ಅದನ್ನು ಕೊಟ್ಟು ಲಾಭ ಮಾಡಿಕೊಂಡೆ ಅನ್ನುವವರು ರೆಸಾರ್ಟ್ ಫೀಯನ್ನು, ಅಂದರೆ ಈಜುಕೊಳದಂಥ ಸೌಲಭ್ಯಗಳಿಗೆ ಅಂತ ರೂಮಿನ ದರದ ಮೇಲೆ ಹಾಕುವ ಕಡ್ಡಾಯ ಶುಲ್ಕವನ್ನು, ಮರೆತೇಬಿಡುತ್ತಾರೆ. ಸ್ಟ್ರಿಪ್‌ನ ದೊಡ್ಡ ಹೋಟೆಲುಗಳಲ್ಲಿ ರಾತ್ರಿಗೆ 50 ಡಾಲರ್ ಆಸುಪಾಸು, ಮೇಲೆ ತೆರಿಗೆ. ನೀವು ಈಜುಕೊಳಕ್ಕೆ ಇಳಿಯದಿದ್ದರೂ ಕೊಡಬೇಕು. ಮೊದಲು ಇದನ್ನು ಕೊನೆಯ ಹಂತದಲ್ಲಿ ಸೇರಿಸುತ್ತಿದ್ದರು. 2025ರ ಮೇ 12ರಿಂದ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಬಂದು, ಇಂಥ ಕಡ್ಡಾಯ ಶುಲ್ಕವನ್ನೆಲ್ಲ ಸೇರಿಸಿಯೇ ಮೊದಲ ದರ ತೋರಿಸಬೇಕು ಅಂತಾಗಿದೆ. ತೋರಿಸಬೇಕು ಅಷ್ಟೇ, ಶುಲ್ಕ ಹಾಗೇ ಇದೆ.

ನಮ್ಮಲ್ಲೂ ಹೋಟೆಲ್ ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ 2022ರ ಜುಲೈನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು, ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಾಣುವ ಹತ್ತು ಪರ್ಸೆಂಟಿಗೆ ಅಷ್ಟು ಜಗಳ ಆಡಿದ ನಾವು, ಕಾರ್ಡಿನ ಸಂದಿಯಲ್ಲಿ ಅಡಗಿಸಿ ಕೊಡುವ ನೋಟಿಗೆ ಜಾಣತನ ಅನ್ನುತ್ತೇವಲ್ಲ!

ನನ್ನ ಅನುಭವದಲ್ಲಿ ಒಳ್ಳೆಯ ರೂಮು ಬೇಕಿದ್ದರೆ ಮರ್ಯಾದೆಯಿಂದ, ಕಾರಣ ಹೇಳಿ ಕೇಳಿ. ಮಂಡಿನೋವು ಇದೆ, ಮದುವೆಯಾಗಿ 40 ವರ್ಷ ಆಯಿತು, ಮಗು ಅಳುತ್ತದೆ, ಏನಿದೆಯೋ ಅದನ್ನೇ ಹೇಳಿ. ಸುಳ್ಳು ಹೇಳಬೇಡಿ, ಕೌಂಟರಿನವರಿಗೆ ಗೊತ್ತಾಗುತ್ತದೆ. ಗಲಾಟೆ ಮಾಡುವ ದೊಡ್ಡ ಮನುಷ್ಯರಿಗಿಂತ ಸುಸ್ತಾಗಿ ನಿಂತ ಸಾಧು ಮನುಷ್ಯರಿಗೇ ನಾನು ರಸ್ತೆ ಕಡೆಯ ಬಾಲ್ಕನಿ ರೂಮು ಕೊಟ್ಟದ್ದು ಜಾಸ್ತಿ, ದಸರಾ ಬಿಟ್ಟು. ಈಗಂತೂ ವೇಗಾಸ್‌ನಲ್ಲಿ ಬಹಳ ಕಡೆ ಮೊಬೈಲ್‌ನಲ್ಲೇ ಚೆಕ್ ಇನ್, ಇಲ್ಲವೇ ಲಾಬಿಯಲ್ಲಿ ನಿಂತಿರುವ ಯಂತ್ರ. ಅದರ ಬಾಯಿಗೆ ಕಾರ್ಡ್ ಮಾತ್ರ ಹೋಗುತ್ತದೆ, ಸ್ಯಾಂಡ್‌ವಿಚ್ ಹೋಗುವುದಿಲ್ಲ.

ಆ 19ನೇ ಮಹಡಿಯ ರೂಮಿನ ವಿಷಯ ಹೇಳುವುದು ಮರೆತೆ. ಕಿಟಕಿಯಿಂದ ಸ್ಟ್ರಿಪ್ ಚೆನ್ನಾಗಿಯೇ ಕಾಣುತ್ತಿತ್ತು. ಐದು ನಿಮಿಷ ಎಲ್ಲರೂ ನೋಡಿದೆವು, ಮಗಳು ಫೋಟೊ ತೆಗೆದಳು. ಆಮೇಲೆ ಆ ದೀಪಗಳ ಬೆಳಕಿಗೆ ನಿದ್ದೆ ಬರಲ್ಲ ಅಂತ ನನ್ನ ಹೆಂಡತಿ ದಪ್ಪ ಪರದೆ ಎಳೆದಳು. ಎರಡು ರಾತ್ರಿಯೂ ಅದು ಹಾಗೇ ಮುಚ್ಚಿತ್ತು.

ಇಂತಿ,
ನಿಮ್ಮ ಹಳೆಯ ಓದುಗ, ಮೈಸೂರು